ನೂರು ಎಂಬಿಪಿಎಸ್ ಇದ್ದರೂ ತಿರುಗುವ ಚಕ್ರ

ಹಾಲಾಡಿ ಕಡೆಯ ತೋಟದ ಮನೆಗಳಿಗೂ ಈಗ ಫೈಬರ್ ಬಂದಿದೆ. ಕೋಟೇಶ್ವರದಿಂದ ಬಿದ್ಕಲ್‌ಕಟ್ಟೆ ದಾಟಿ ಬರುವ ರಸ್ತೆಯ ಕಂಬಗಳಲ್ಲಿ ಕರೆಂಟಿನ ತಂತಿಯ ಕೆಳಗೆ ಕಪ್ಪು ಕೇಬಲ್ಲುಗಳ ಇನ್ನೊಂದು ಸಾಲು. ಅಲ್ಲಿಂದ ಒಡೆದ ಒಂದೊಂದು ಎಳೆ ಗದ್ದೆಯ ಅಂಚು ಹಿಡಿದು, ಅಡಿಕೆ ಮರದಿಂದ ಅಡಿಕೆ ಮರಕ್ಕೆ ದಾಟಿ, ಹೆಂಚಿನ ಮಾಡಿನ ಸಂದಿಯಿಂದ ಚಾವಡಿಗೆ ಇಳಿಯುತ್ತದೆ. 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಸಮೇತ ಕರಾವಳಿಯ ಊರುಗಳಿಗೆ ಮರಳಿದವರು ಸಿಗ್ನಲ್ಲಿಗಾಗಿ ಗುಡ್ಡ ಹತ್ತಿದ್ದರು. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನಲ್ಲಿ ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ಅಪ್ಪ ಮಳೆಯಲ್ಲಿ ಕೊಡೆ ಹಿಡಿದು ನಿಂತ ಫೋಟೊ ದೇಶವೆಲ್ಲ ಓಡಾಡಿತ್ತು. ಫೈಬರ್ ಬಂದ ಮನೆಗಳಲ್ಲಿ ಆ ತಾಪತ್ರಯ ಇಲ್ಲ. ಈಗಿನ ದೂರೇ ಬೇರೆ: "ಹ್ವಾಯ್, ಸ್ಪೀಡ್ ಟೆಸ್ಟ್ ಮಾಡಿರೆ ನೂರ್ ತೋರ್ಸತ್ತ್, ಪೇಜ್ ಮಾತ್ರ ಓಪನ್ ಆತಿಲ್ಲೆ!" ಲೈನಿನ ಹುಡುಗನ ಉತ್ತರವೂ ಸಿದ್ಧವಾಗಿರುತ್ತದೆ: "ಒಂದ್ಸಲ ಆಫ್ ಮಾಡಿ ಆನ್ ಮಾಡಿ ಕಾಣಿ."

ದೂರು ಕೊಟ್ಟವರು ಸುಳ್ಳು ಹೇಳುತ್ತಿಲ್ಲ, ಸ್ಪೀಡ್ ಟೆಸ್ಟೂ ಸುಳ್ಳು ಹೇಳುತ್ತಿಲ್ಲ. ಎರಡೂ ಬೇರೆ ಬೇರೆ ಸಂಗತಿಗಳನ್ನು ಅಳೆಯುತ್ತಿವೆ, ಅಷ್ಟೆ. ನೂರು ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಹತ್ತು ಕೋಟಿ ಬಿಟ್. ಎಂಟು ಬಿಟ್‌ಗೆ ಒಂದು ಬೈಟ್, ಹಾಗಾಗಿ ಸೆಕೆಂಡಿಗೆ ಹನ್ನೆರಡೂವರೆ ಮೆಗಾಬೈಟ್. ಇಂದಿನ ಸಾಧಾರಣ ಜಾಲಪುಟದ ತೂಕ ಎರಡು ಮೂರು ಮೆಗಾಬೈಟ್. ಲೆಕ್ಕದ ಪ್ರಕಾರ ಅದು ಕಾಲು ಸೆಕೆಂಡಿನಲ್ಲಿ ಬಂದು ಬೀಳಬೇಕು. ಆರೇಳು ಸೆಕೆಂಡು ಹಿಡಿಯಿತು ಎಂದಿಟ್ಟುಕೊಳ್ಳಿ. ಉಳಿದ ಹೊತ್ತೆಲ್ಲ ಎಲ್ಲಿ ಹೋಯಿತು? ಕಾಯುವುದರಲ್ಲಿ. ನಿಧಾನದ ಪುಟದ ಕತೆ ಬಹುಪಾಲು ಕಾಯುವಿಕೆಯ ಕತೆ. ಎಲ್ಲಿ ಕಾಯುತ್ತಿದ್ದೇವೆ ಎಂಬುದನ್ನು ಹುಡುಕದೆ ದೊಡ್ಡ ಪ್ಲಾನ್ ಹಾಕಿಸಿಕೊಂಡರೆ ದುಡ್ಡು ಹೋಗುತ್ತದೆ, ಚಕ್ರ ತಿರುಗುತ್ತಲೇ ಇರುತ್ತದೆ.

ಹಾಲಾಡಿಯಿಂದ ಕುಂದಾಪುರದ ತಾಲೂಕು ಕಚೇರಿಗೆ ಒಂದು ಕಾಗದಕ್ಕಾಗಿ ಹೋಗುವುದನ್ನು ನೆನಪಿಸಿಕೊಳ್ಳಿ. ಮೊದಲ ಸಲ ಹೋದಾಗ ಯಾವ ಮೇಜಿಗೆ ಹೋಗಬೇಕೆಂದು ತಿಳಿಯುತ್ತದೆ. ಎರಡನೆಯ ಸಲ ಅರ್ಜಿ ಸಿಗುತ್ತದೆ. ಮೂರನೆಯ ಸಲ ಗುರುತಿನ ಚೀಟಿ ತನ್ನಿ ಎನ್ನುತ್ತಾರೆ. ನಾಲ್ಕನೆಯ ಸಲ ಕಾಗದ. ರಸ್ತೆಯನ್ನು ನಾಲ್ಕು ಪಥ ಮಾಡಿದರೆ ಏಕಕಾಲಕ್ಕೆ ಹೆಚ್ಚು ಜನ ಹೋಗಬಹುದು. ಒಬ್ಬನು ನಾಲ್ಕು ಸಲ ಹೋಗಿ ಬರುವುದು ಮಾತ್ರ ತಪ್ಪುವುದಿಲ್ಲ. ಎಂಬಿಪಿಎಸ್ ರಸ್ತೆಯ ಅಗಲ. ಪುಟ ತೆರೆಯುವ ಹೊತ್ತನ್ನು ನಿರ್ಧರಿಸುವುದು ಹೆಚ್ಚಾಗಿ ಎಷ್ಟು ಸಲ ಹೋಗಿ ಬರಬೇಕು, ಒಂದು ಸಲ ಹೋಗಿ ಬರಲು ಎಷ್ಟು ಹೊತ್ತು ಎಂಬ ಎರಡು ಸಂಖ್ಯೆಗಳ ಗುಣಲಬ್ಧ.

ಆ ಓಡಾಟಗಳು ಯಾವುವು? ವಿಳಾಸ ಒತ್ತಿದ ಕೂಡಲೇ ಫೋನಿಗೆ ಆ ಹೆಸರಿಗೆ ತಕ್ಕ ಅಂಕಿಗಳ ವಿಳಾಸ ಬೇಕು. ಅದನ್ನು ಕೊಡುವುದು ಡಿಎನ್‌ಎಸ್, 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ರೂಪಿಸಿದ ವ್ಯವಸ್ಥೆ. ಅಲ್ಲಿಗೆ ಒಂದು ಓಡಾಟ. ವಿಳಾಸ ಸಿಕ್ಕಿತು, ಆ ದೂರದ ಕಂಪ್ಯೂಟರ್ ಮಾತಿಗೆ ಸಿದ್ಧವಿದೆಯೇ ಎಂದು ಟಿಸಿಪಿ ಎಂಬ ಸಾಗಣೆಯ ವ್ಯವಸ್ಥೆ ವಿಚಾರಿಸಿಕೊಂಡು ಬರುತ್ತದೆ, ಎರಡು. ನಡುವೆ ಯಾರೂ ಕದ್ದು ಓದದಂತೆ ಗುಟ್ಟಿನ ಕೀಲಿಯನ್ನು ಒಪ್ಪಂದ ಮಾಡಿಕೊಳ್ಳಬೇಕು, ಮೂರು. ಈ ಕೆಲಸಕ್ಕೆ ಹಿಂದೆ ಎರಡು ಓಡಾಟ ಬೇಕಿತ್ತು. 2018ರಲ್ಲಿ ಬಂದ ಟಿಎಲ್‌ಎಸ್ 1.3 ಅದನ್ನು ಒಂದಕ್ಕೆ ಇಳಿಸಿತು. ಆಮೇಲೆ 'ಪುಟ ಕೊಡಿ' ಎಂಬ ಕೋರಿಕೆ, ನಾಲ್ಕು. ಇಷ್ಟಾದ ಮೇಲೆ ಮೊದಲ ಅಕ್ಷರ ಬರುತ್ತದೆ. ಬಂದ ಪುಟದೊಳಗೆ ಚಿತ್ರ, ಅಕ್ಷರಶೈಲಿ, ಸ್ಕ್ರಿಪ್ಟ್, ಜಾಹೀರಾತುಗಳ ಪಟ್ಟಿ ಇರುತ್ತದೆ. ಒಂದು ಸಾಧಾರಣ ಪುಟಕ್ಕೆ ಎಪ್ಪತ್ತರ ಆಸುಪಾಸು ಕೋರಿಕೆಗಳು. ಅವುಗಳಲ್ಲಿ ಹೊಸ ಹೆಸರಿನ ಸರ್ವರ್ ಬಂದಾಗಲೆಲ್ಲ ಡಿಎನ್‌ಎಸ್ಸಿನಿಂದ ಮತ್ತೆ ಶುರು.

ಒಂದು ಓಡಾಟಕ್ಕೆ 20 ಮಿಲಿಸೆಕೆಂಡ್ ಆದರೆ ನಾಲ್ಕಕ್ಕೆ 80. ಕಣ್ಣಿಗೆ ಗೊತ್ತೇ ಆಗದು. 250 ಆದರೆ ಮೊದಲ ಅಕ್ಷರ ಕಾಣುವುದಕ್ಕೇ ಒಂದು ಸೆಕೆಂಡು ಕಳೆಯಿತು. ಪ್ಲಾನ್ 50ರದ್ದೋ 300ರದ್ದೋ ಎಂಬ ಪ್ರಶ್ನೆ ಇಲ್ಲಿ ಏಳುವುದೇ ಇಲ್ಲ.

ಪುಟ ಬರತೊಡಗಿದ ಮೇಲೂ ಟಿಸಿಪಿ ಒಮ್ಮೆಲೇ ಪೂರ್ತಿ ಅಗಲಕ್ಕೆ ನುಗ್ಗುವುದಿಲ್ಲ. ಇದರ ಹಿಂದೆ ಒಂದು ಹಳೆಯ ಅವಘಡವಿದೆ. 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯಕ್ಕೂ ಬರ್ಕ್‌ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ಸಂಪರ್ಕ ಇದ್ದಕ್ಕಿದ್ದಂತೆ ಕುಸಿಯಿತು. ಎರಡರ ನಡುವಿನ ದೂರ ಅರ್ಧ ಕಿಲೋಮೀಟರಿಗಿಂತ ಕಡಿಮೆ. ಸೆಕೆಂಡಿಗೆ 32 ಸಾವಿರ ಬಿಟ್ ಸಾಗಬೇಕಾದಲ್ಲಿ 40 ಬಿಟ್ ಸಾಗತೊಡಗಿತು. 'ಸಾವಿರ' ಎಂಬ ಪದ ಬಿಟ್ಟುಹೋಗಿಲ್ಲ, ಬರೀ ನಲವತ್ತು! ದಾರಿಯಲ್ಲಿ ಪ್ಯಾಕೆಟ್, ಅಂದರೆ ಮಾಹಿತಿಯ ಒಂದು ತುಂಡು, ಕಳೆದುಹೋದಾಗ ಪ್ರತಿ ಕಂಪ್ಯೂಟರೂ ಅದನ್ನು ಮತ್ತೆ ಮತ್ತೆ ತಳ್ಳಿ, ತುಂಬಿದ ದಾರಿಯನ್ನು ಇನ್ನಷ್ಟು ತುಂಬಿಸಿದ್ದೇ ಕಾರಣ. ಅದನ್ನು ಬೆನ್ನುಹತ್ತಿದ ವ್ಯಾನ್ ಜೇಕಬ್ಸನ್ 1988ರಲ್ಲಿ ಪರಿಹಾರವನ್ನು ಪ್ರಕಟಿಸಿದರು. ಸ್ವಲ್ಪ ಕಳಿಸು, ಮುಟ್ಟಿತು ಎಂಬ ಉತ್ತರ ಬಂದರೆ ಇಮ್ಮಡಿ ಕಳಿಸು, ಕಳೆದುಹೋದರೆ ದಾರಿ ತುಂಬಿದೆ ಎಂದು ತಿಳಿದು ಹಿಂಜರಿ. ಇಂದಿಗೂ ಇಂಟರ್ನೆಟ್ ಉಸಿರಾಡುತ್ತಿರುವುದು ಇದೇ ನಿಯಮದ ಮೇಲೆ. ಈಗ ಮೊದಲ ಕಂತು ಹತ್ತು ಪ್ಯಾಕೆಟ್, ಅಂದರೆ ಸುಮಾರು 14 ಕಿಲೋಬೈಟ್. ಆಮೇಲೆ 28, 56, 112. ಇನ್ನೂರು ಕಿಲೋಬೈಟಿನ ಒಂದು ಫೋಟೊಕ್ಕೆ ನಾಲ್ಕು ಓಡಾಟ ಬೇಕೇ ಬೇಕು. ಸ್ಪೀಡ್ ಟೆಸ್ಟ್ ಹತ್ತಿರದ ಸರ್ವರಿನಿಂದ ಹಲವು ಸಂಪರ್ಕ ತೆರೆದು ಹತ್ತಾರು ಸೆಕೆಂಡು ಸುರಿಯುವುದರಿಂದ ಅದಕ್ಕೆ ಈ ತಡವರಿಕೆ ತಟ್ಟುವುದಿಲ್ಲ. ಚಿಕ್ಕ ಚಿಕ್ಕ ತುಂಡುಗಳ ಜಾಲಪುಟ ಈ ತಡವರಿಕೆಯಲ್ಲೇ ಮುಗಿದುಹೋಗುತ್ತದೆ.

2010ರಲ್ಲಿ ಗೂಗಲ್‌ನ ಮೈಕ್ ಬೆಲ್ಶಿ ಇದನ್ನು ಅಳೆದು ನೋಡಿದರು. ಸಂಪರ್ಕವನ್ನು 5ರಿಂದ 10 ಎಂಬಿಪಿಎಸ್‌ಗೆ ಇಮ್ಮಡಿಸಿದಾಗ ಪುಟ ತೆರೆಯುವ ಹೊತ್ತು ಇಳಿದದ್ದು ಶೇ. 5ರಷ್ಟು ಮಾತ್ರ. ಓಡಾಟದ ಹೊತ್ತನ್ನು 20 ಮಿಲಿಸೆಕೆಂಡ್ ಇಳಿಸಿದಾಗಲೆಲ್ಲ ಹೊತ್ತು ನಿಯತ್ತಾಗಿ ಇಳಿಯುತ್ತ ಹೋಯಿತು. ಅಂದಿಗಿಂತ ಇಂದಿನ ಪುಟಗಳು ದಪ್ಪ, ಅಂಕಿಗಳು ಒಂದಿಷ್ಟು ಬದಲಾದಾವು, ವಿಷಯ ಬದಲಾಗಿಲ್ಲ. ಹಾಗೆಂದು ದೊಡ್ಡ ಪ್ಲಾನ್ ಎಂದೂ ಬೇಡ ಎಂದಲ್ಲ. ಚಾವಡಿಯಲ್ಲಿ ಒಬ್ಬರು ದೊಡ್ಡ ಟಿವಿಯಲ್ಲಿ ಸಿನಿಮಾ, ಉಪ್ಪರಿಗೆಯಲ್ಲಿ ಇಬ್ಬರು ಆಫೀಸಿನ ಮೀಟಿಂಗ್, ಮಗ ಐವತ್ತು ಜಿಬಿಯ ಆಟ ಇಳಿಸಿಕೊಳ್ಳುವ ಮನೆಗೆ ಅಗಲ ಬೇಕು. ಒಬ್ಬರೇ ಕೂತು ಪತ್ರಿಕೆ ಓದುವ ಮನೆಗೆ 300ರ ಪ್ಲಾನ್ ಮಾರುವುದು ಮಾರುವವರಿಗೆ ಮಾತ್ರ ಲಾಭ.

ಇನ್ನು ಹುಡುಕುವ ಕೆಲಸ. ಫೋನಿನಿಂದ ರೂಟರ್, ರೂಟರಿನಿಂದ ಊರಿನ ಎಕ್ಸ್‌ಚೇಂಜ್, ಅಲ್ಲಿಂದ ಹೊರಜಗತ್ತು. ದಾರಿಯಲ್ಲಿ ಈ ಮೂರು ತುಂಡು. ಯಾವ ತುಂಡಿನಲ್ಲಿ ಹೊತ್ತು ಹೋಗುತ್ತಿದೆ ಎಂದು ಕಂಡುಕೊಳ್ಳಲು 1983ರ ಡಿಸೆಂಬರಿನಲ್ಲಿ ಮೈಕ್ ಮೂಸ್ ಬರೆದ ಪುಟ್ಟ ಪ್ರೋಗ್ರಾಂ ಸಾಕು, ಅದರ ಹೆಸರು ಪಿಂಗ್. ವಿಂಡೋಸ್ ಲ್ಯಾಪ್‌ಟಾಪಿನ ಕಮಾಂಡ್ ಪ್ರಾಂಪ್ಟಿನಲ್ಲಿ ಪಿಂಗ್ ಎಂದು ಇಂಗ್ಲಿಷಿನಲ್ಲಿ ಬರೆದು, ಮುಂದೆ ರೂಟರಿನ ವಿಳಾಸ ಕೊಡಿ. ಹೆಚ್ಚಿನ ಮನೆಗಳಲ್ಲಿ ಅದು 192.168.1.1, ಇಲ್ಲವೇ ರೂಟರಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಇರುತ್ತದೆ. ಫೋನಿಗೂ ಇದೇ ಕೆಲಸದ ಉಚಿತ ಆಪ್‌ಗಳಿವೆ. ಉತ್ತರ ಮಿಲಿಸೆಕೆಂಡಿನಲ್ಲಿ ಬರುತ್ತದೆ. ಅದಾದ ಮೇಲೆ ಹೊರಗಿನ ವಿಳಾಸ 8.8.8.8ಕ್ಕೆ ಅದನ್ನೇ ಮಾಡಿ. ರೂಟರಿಗೆ 3, ಹೊರಗೆ 25 ಬಂದರೆ ಮನೆಯೂ ಲೈನೂ ನೆಟ್ಟಗಿವೆ. ರೂಟರಿಗೇ 150 ಬಂದರೆ ಕಸ್ಟಮರ್ ಕೇರ್‌ಗೆ ಫೋನ್ ಮಾಡುವುದು ವ್ಯರ್ಥ. ತೊಂದರೆ ನಿಮ್ಮ ಗೋಡೆಯೊಳಗೇ ಇದೆ. ಒಂದೆರಡು ಉತ್ತರ ನೋಡಿ ತೀರ್ಮಾನಿಸಬೇಡಿ, ನೂರಾದರೂ ನೋಡಿ. ಸರಾಸರಿಗಿಂತ ಮುಖ್ಯವಾದದ್ದು ನಡುನಡುವೆ ಜಿಗಿಯುವ ದೊಡ್ಡ ಅಂಕಿಗಳು, ಬಾರದೇ ಹೋದ ಉತ್ತರಗಳು.

ಗೋಡೆಯ ಮಾತು ಬಂದಿದ್ದರಿಂದ ಅಲ್ಲೇ ಸ್ವಲ್ಪ ನಿಲ್ಲೋಣ. ನಮ್ಮ ಕಡೆಯ ಹಳೆಯ ಮನೆಗಳ ಗೋಡೆ ಮುರಕಲ್ಲಿನದು. ನೆಲದಿಂದ ಕಡಿದು ತೆಗೆಯುವಾಗ ಮೆದು, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿ, ಮೈತುಂಬ ತೂತು. ಕಲ್ಲಿನಲ್ಲಿ ಕಬ್ಬಿಣ ಇರುವುದರಿಂದ ವೈಫೈ ತಡೆಯುತ್ತದೆ ಎಂದು ಹೇಳುವವರಿದ್ದಾರೆ. ಕಬ್ಬಿಣ ಇರುವುದು ಹೌದು, ಆದರೆ ಅದು ತುಕ್ಕಿನ ರೂಪದ ಕಬ್ಬಿಣ, ಲೋಹದ ತಗಡಲ್ಲ. ನಿಜವಾದ ಕಾರಣಗಳು ಗೋಡೆಯ ದಪ್ಪ ಮತ್ತು ಅದು ಹೀರಿದ ನೀರು. ಆಷಾಢದಲ್ಲಿ ಹೊರಗೋಡೆ ವಾರಗಟ್ಟಲೆ ಒದ್ದೆಯಾಗಿರುತ್ತದೆ. ನೀರಿನ ಅಣುವಿನ ಒಂದು ತುದಿ ಧನ, ಇನ್ನೊಂದು ತುದಿ ಋಣ. ಸೆಕೆಂಡಿಗೆ 240 ಕೋಟಿ ಸಲ ಕಂಪಿಸುವ ವೈಫೈ ಅಲೆ ಅದನ್ನು ಅತ್ತ ಇತ್ತ ಎಳೆದಾಡಿಸುತ್ತದೆ. ಆ ಎಳೆದಾಟದಲ್ಲಿ ಅಲೆಯ ಶಕ್ತಿ ಬಿಸಿಯಾಗಿ ಸೋರಿಹೋಗುತ್ತದೆ. ಮೇ ತಿಂಗಳಲ್ಲಿ ಒಳಕೋಣೆಯಲ್ಲಿ ಚೆನ್ನಾಗಿ ಸಿಗುತ್ತಿದ್ದ ವೈಫೈ ಜುಲೈಯಲ್ಲಿ ಬಡವಾದರೆ ಆಶ್ಚರ್ಯವಿಲ್ಲ.

ಇದರ ಜೊತೆಗೆ ನಮ್ಮವರ ಒಂದು ಅಭ್ಯಾಸ: ಕೇಬಲ್ ಎಲ್ಲಿ ಮನೆಯೊಳಗೆ ಬಂತೋ ಅಲ್ಲೇ ಗೋಡೆಗೆ ರೂಟರ್ ಬಿಗಿಸುವುದು. ಅದು ಸಾಮಾನ್ಯವಾಗಿ ಚಾವಡಿಯ ಮೂಲೆ, ಟಿವಿಯ ಹಿಂಬದಿ, ಗೋದ್ರೆಜ್ ಕಪಾಟಿನ ಪಕ್ಕ. ಅಡುಗೆಮನೆಗೆ ಅಲ್ಲಿಂದ ಮೂರು ಗೋಡೆ. ಅಂಗಳದ ಮೇಲೆ ತಗಡಿನ ಮಾಡು ಹೊದೆಸಿದ್ದರೆ ಅಲೆ ಅದರಲ್ಲಿ ಪ್ರತಿಫಲಿಸಿ ಇನ್ನೆಲ್ಲಿಗೋ ಹೋಗುತ್ತದೆ. ಸಿಗ್ನಲ್ ಕುಂದಿದಾಗ ವೈಫೈ ನಿಂತುಹೋಗುವುದಿಲ್ಲ, ಮೆಲ್ಲಗೆ ಮಾತಾಡತೊಡಗುತ್ತದೆ. ಕೇಳಿಸದ ಮಾತನ್ನು ಮತ್ತೆ ಮತ್ತೆ ಹೇಳುತ್ತದೆ. ಪ್ರತಿ ಮರುಮಾತಿಗೂ ಮಿಲಿಸೆಕೆಂಡುಗಳು ಸೇರುತ್ತವೆ. ಕಡ್ಡಿ ಎರಡಿದೆ, ನೆಟ್ ಇದೆ, ಪುಟ ಮಾತ್ರ ಬರುತ್ತಿಲ್ಲ ಎನ್ನುವ ಸ್ಥಿತಿ ಇದೇ.

ದೂರದಲ್ಲಿರುವ ಒಂದು ಫೋನ್ ಹತ್ತಿರದಲ್ಲಿರುವವರನ್ನೂ ನಿಧಾನ ಮಾಡುತ್ತದೆ ಎಂಬುದು ಬಹಳ ಜನರಿಗೆ ತಿಳಿಯದು. ವೈಫೈಯಲ್ಲಿ ಒಂದು ಚಾನೆಲ್ಲಿನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು, ಸರದಿ ಎಲ್ಲರಿಗೂ ಸಮ. ಕೊಟ್ಟಿಗೆಯ ಹತ್ತಿರ ನಿಂತು ವೀಡಿಯೊ ನೋಡುವವರ ಫೋನ್ ಅದೇ ಒಂದು ಪ್ಯಾಕೆಟ್ಟಿಗೆ ಹತ್ತು ಪಾಲು ಹೊತ್ತು ತೆಗೆದುಕೊಂಡರೆ, ರೂಟರಿನ ಬುಡದಲ್ಲಿ ಕೂತ ಅಪ್ಪಯ್ಯನ ಪತ್ರಿಕೆ ಅಷ್ಟು ಹೊತ್ತು ಕಾಯಬೇಕು. 2003ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನ ಸಂಶೋಧಕರು ಇದನ್ನು ಲೆಕ್ಕ ಹಾಕಿ ತೋರಿಸಿದರು: ಒಬ್ಬ ನಿಧಾನಿ ಸೇರಿದರೆ ಎಲ್ಲರ ವೇಗವೂ ಅವನ ಮಟ್ಟಕ್ಕೆ ಇಳಿಯುತ್ತದೆ. ಸರದಿಯ ಬದಲು ಸಮಯವನ್ನು ಸಮನಾಗಿ ಹಂಚುವ ರೂಟರ್‌ಗಳು ಈಗ ಇವೆ. ಪ್ಲಾನಿನ ಜೊತೆ ಪುಕ್ಕಟೆ ಸಿಗುವ ಡಬ್ಬಿಯಲ್ಲಿ ಅದು ಇರುತ್ತದೆಂಬ ಭರವಸೆ ಬೇಡ.

ಮದ್ದು ಸುಲಭ. ರೂಟರನ್ನು ಮನೆಯ ನಡುವಿಗೆ ತಂದು, ಆಳೆತ್ತರಕ್ಕಿಂತ ಮೇಲೆ, ಬಾಗಿಲುಗಳ ಸಾಲಿಗೆ ಇಡಿ. ಅಲೆಗಳಿಗೆ ತೆರೆದ ಬಾಗಿಲಿಗಿಂತ ಒಳ್ಳೆಯ ದಾರಿ ಇಲ್ಲ. 2.4 ಗಿಗಾಹರ್ಟ್ಸ್ ಗೋಡೆಯನ್ನು ಒಂದಿಷ್ಟು ದಾಟುತ್ತದೆ, 5 ಗಿಗಾಹರ್ಟ್ಸ್ ಅದೇ ಕೋಣೆಯಲ್ಲಿ ಚುರುಕು, ಗೋಡೆ ಬಂದರೆ ಸೋಲುತ್ತದೆ. ಪೇಟೆಯ ಫ್ಲ್ಯಾಟಿನಲ್ಲಿ ಅಕ್ಕಪಕ್ಕದ ಇಪ್ಪತ್ತು ರೂಟರ್‌ಗಳ ಗಲಾಟೆಯಿಂದ 2.4 ಕೆಲಸಕ್ಕೆ ಬಾರದು. ತೋಟದ ನಡುವಿನ ಒಂಟಿ ಮನೆಗೆ ಆ ಉಪದ್ರ ಇಲ್ಲದ್ದರಿಂದ ಅದನ್ನು ಧೈರ್ಯವಾಗಿ ಬಳಸಬಹುದು. ಪೇಟೆಯವರಿಗಾಗಿ ಬರೆದ ಸಲಹೆಗಳನ್ನು ಇಲ್ಲಿ ಕಣ್ಣುಮುಚ್ಚಿ ಅನುಸರಿಸಬಾರದು. ಮನೆ ತುಂಬ ಉದ್ದವಾಗಿದ್ದರೆ ರಿಪೀಟರ್ ಕೊಳ್ಳುವ ಮೊದಲು ಇಪ್ಪತ್ತು ಮೀಟರ್ ಲ್ಯಾನ್ ಕೇಬಲ್ ಎಳೆದು, ಅದರ ತುದಿಗೆ ಇನ್ನೊಂದು ಹಳೆಯ ರೂಟರ್ ಸಿಕ್ಕಿಸುವ ಯೋಚನೆ ಮಾಡಿ. ಅಗ್ಗದ ರಿಪೀಟರ್ ಪ್ರತಿ ಮಾತನ್ನೂ ಅದೇ ಚಾನೆಲ್ಲಿನಲ್ಲಿ ಎರಡು ಸಲ ಆಡುತ್ತದೆ, ಅರ್ಧ ಹೊತ್ತು ಅದಕ್ಕೇ ಖರ್ಚು.

ಎರಡನೆಯ ತುಂಡು ಲೈನ್. ಎಕ್ಸ್‌ಚೇಂಜಿನಿಂದ ಹೊರಟ ಒಂದು ಫೈಬರಿನ ಬೆಳಕನ್ನು ಸ್ಪ್ಲಿಟರ್ ಎಂಬ ಪುಟ್ಟ ಗಾಜಿನ ಸಾಧನ 32 ಅಥವಾ 64 ಮನೆಗಳಿಗೆ ಹಂಚುತ್ತದೆ. ಜಿಪಾನ್ ಎಂಬ ಈ ಪದ್ಧತಿಯಲ್ಲಿ ಇಳಿಯುವ ದಾರಿಯ ಒಟ್ಟು ಅಗಲ 2.5 ಗಿಗಾಬಿಟ್. ಬೆಳಕನ್ನು ಅಳೆಯುವುದು ಡಿಬಿಎಂನಲ್ಲಿ. ಒಂದು ಮಿಲಿವ್ಯಾಟ್ ಎಂದರೆ ಸೊನ್ನೆ. ಮೂರು ಇಳಿದರೆ ಶಕ್ತಿ ಅರ್ಧ, ಹತ್ತು ಇಳಿದರೆ ಹತ್ತನೇ ಒಂದು. ಎಕ್ಸ್‌ಚೇಂಜಿನಿಂದ +3ರಲ್ಲಿ ಹೊರಟ ಬೆಳಕು 32ರ ಸ್ಪ್ಲಿಟರಿನಲ್ಲಿ 17 ಕಳೆದುಕೊಳ್ಳುತ್ತದೆ, ಹತ್ತು ಕಿಲೋಮೀಟರ್ ದಾರಿಯಲ್ಲಿ ಮೂರು, ಕೀಲು ಬೆಸುಗೆಗಳಲ್ಲಿ ಒಂದೆರಡು. ಮನೆಗೆ ಮುಟ್ಟುವಾಗ -19ರ ಆಸುಪಾಸು, ಅಂದರೆ ಮಿಲಿವ್ಯಾಟಿನ ಸುಮಾರು ಎಂಬತ್ತನೇ ಒಂದು ಪಾಲು. ನಿಮ್ಮ ಡಬ್ಬಿ ಸಾಮಾನ್ಯವಾಗಿ -27ರ ತನಕ ಓದಬಲ್ಲದು. ಈ ಅಂಕಿಯನ್ನು ರೂಟರಿನ ಒಳಪುಟದಲ್ಲಿ ಆಪ್ಟಿಕಲ್ ಪವರ್ ಎಂಬಲ್ಲಿ ನೋಡಬಹುದು. ಅದನ್ನು ನೆಟ್ ಚೆನ್ನಾಗಿರುವ ಒಂದು ದಿನ ಬರೆದಿಟ್ಟುಕೊಂಡವರಿಗೆ ಕೆಟ್ಟ ದಿನ ಬೇರೆ ಸಾಕ್ಷಿ ಬೇಡ.

ಮಳೆಗಾಲದಲ್ಲಿ ಈ ಅಂಕಿ ಕುಸಿಯುವುದಕ್ಕೆ ಗಾಜಿಗೆ ನೀರು ತಾಗಿದ್ದು ಕಾರಣವಲ್ಲ. ಫೈಬರಿನ ಬೆಳಕು ಸಾಗುವ ತಿರುಳಿನ ದಪ್ಪ ಮಿಲಿಮೀಟರಿನ ನೂರನೇ ಒಂದಕ್ಕಿಂತ ಕಡಿಮೆ. ಬೆಳಕು ಅದರೊಳಗೇ ಉಳಿಯುವುದು ಗಾಜು ನೇರವಾಗಿದ್ದರೆ ಅಥವಾ ಸಾವಕಾಶ ಬಾಗಿದ್ದರೆ. ಹೆಬ್ಬೆರಳಿಗೆ ಸುತ್ತಿದಷ್ಟು ಬಿಗಿಯಾಗಿ ಬಾಗಿಸಿದರೆ ಅಂಚಿನಿಂದ ಹೊರಗೆ ಸೋರುತ್ತದೆ. ಗಾಳಿಮಳೆಗೆ ಬಿದ್ದ ತೆಂಗಿನ ಗರಿ ಎಳೆಯ ಮೇಲೆ ಜೋತುಬಿದ್ದಿರುತ್ತದೆ. ಅಡಿಕೆ ಮರಕ್ಕೆ ಪ್ಲಾಸ್ಟಿಕ್ ಹಗ್ಗದಿಂದ ಬಿಗಿದು ಕಟ್ಟಿದ ಗಂಟು, ಮರ ಓಲಾಡಿದಂತೆಲ್ಲ ಇನ್ನೂ ಬಿಗಿಯಾಗುತ್ತದೆ. ಗಾಳಿ ಬಂದಾಗ ನೆಟ್ ಹೋಗಿ, ನಿಂತಾಗ ಬಂದರೆ ಅಂಥ ಒಂದು ಗಂಟನ್ನು ಹುಡುಕಬೇಕು. ಕಂಬದ ಪೆಟ್ಟಿಗೆಯೊಳಗೆ ಇರುವೆ ಗೂಡು ಕಟ್ಟಿ, ಕನೆಕ್ಟರಿನ ತುದಿಗೆ ಮಣ್ಣಿನ ಕಣ ಕೂತರೂ ಸಾಕು; ಅಷ್ಟು ಸಣ್ಣ ತಿರುಳಿಗೆ ಒಂದು ಕಣವೇ ಅಡ್ಡಗೋಡೆ. ಸ್ಪಿರಿಟ್ ಹಚ್ಚಿದ ಬಟ್ಟೆಯಲ್ಲಿ ಒರೆಸಿದರೆ -28 ಇದ್ದದ್ದು -20ಕ್ಕೆ ಬರುವುದುಂಟು. ಕನೆಕ್ಟರ್ ಬಿಚ್ಚಿದಾಗ ಅದರ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಲೇಬೇಡಿ; ಆ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ, ಹಾಗೆಂದು ನಿರಪಾಯವೂ ಅಲ್ಲ.

ಸಿಡಿಲಿನ ವಿಷಯದಲ್ಲಿ ಫೈಬರ್ ತಾಮ್ರದ ಫೋನ್ ಲೈನಿಗಿಂತ ಎಷ್ಟೋ ಮೇಲು. ಗಾಜಿನಲ್ಲಿ ವಿದ್ಯುತ್ ಹರಿಯದು. ಆದರೆ ಗುಡುಗಿನ ಸಂಜೆ ರೂಟರಿನ ಅಡಾಪ್ಟರ್ ಮನೆಯ ಕರೆಂಟಿಗೇ ಅಂಟಿಕೊಂಡಿರುತ್ತದೆ. ಪೂರ್ತಿ ಸುಟ್ಟರೆ ಗೊತ್ತಾಗುತ್ತದೆ. ಅರ್ಧ ಸತ್ತ ಅಡಾಪ್ಟರ್ ಮಹಾ ಪೀಡೆ. ಹನ್ನೆರಡು ವೋಲ್ಟ್ ಕೊಡಬೇಕಾದಲ್ಲಿ ಭಾರ ಬಿದ್ದಾಗ ಕುಗ್ಗುತ್ತದೆ, ರೂಟರ್ ತಾನಾಗಿ ಆರಿ ಹೊತ್ತಿಕೊಳ್ಳುತ್ತದೆ, ಮನೆಯವರು ನೆಟ್ ಸ್ಲೋ ಎನ್ನುತ್ತಾರೆ. ಅಡಾಪ್ಟರಿನ ಬೆಲೆ ಹೊಸ ರೂಟರಿನ ಮುಂದೆ ಏನೂ ಅಲ್ಲ, ಮೊದಲು ಅದನ್ನು ಬದಲಿಸಿ ನೋಡುವುದು ಜಾಣತನ.

ಬೆಳಕಿನ ಅಂಕಿ -27ರ ಅಂಚಿನಲ್ಲಿದ್ದಾಗ ಲೈನ್ ಪೂರ್ತಿ ಕಡಿಯುವುದಿಲ್ಲ, ನೂರರಲ್ಲಿ ಒಂದೋ ಎರಡೋ ಪ್ಯಾಕೆಟ್ ಕಳೆದುಹೋಗುತ್ತವೆ. ಒಂದೆರಡು ಹೋದರೇನಂತೆ ಎನ್ನಬೇಡಿ. ಜೇಕಬ್ಸನ್ನರ ನಿಯಮ ನೆನಪಿದೆಯಲ್ಲ: ಕಳೆದುಹೋದರೆ ದಾರಿ ತುಂಬಿದೆ ಎಂದು ತಿಳಿ. ಕಳೆದದ್ದು ತೆಂಗಿನ ಗರಿಯಿಂದಲೋ ಸಂದಣಿಯಿಂದಲೋ ಎಂದು ಟಿಸಿಪಿಗೆ ಗೊತ್ತಾಗುವುದಿಲ್ಲ, ಅದು ಹೆದರಿ ಹಿಂಜರಿಯುತ್ತದೆ. ಹಳೆಯ ಮಾದರಿಯ ಟಿಸಿಪಿಗೆ 1997ರಲ್ಲಿ ಮ್ಯಾಥಿಸ್ ಮತ್ತು ಸಂಗಡಿಗರು ಕಂಡುಕೊಂಡ ಸೂತ್ರವಿದೆ. ಓಡಾಟಕ್ಕೆ 50 ಮಿಲಿಸೆಕೆಂಡ್, ನೂರಕ್ಕೆ ಒಂದು ನಷ್ಟ ಎಂದಾದರೆ ಒಂದು ಸಂಪರ್ಕದ ವೇಗ 3 ಎಂಬಿಪಿಎಸ್ ಕೂಡ ದಾಟದು. ನೂರರ ಪ್ಲಾನ್! 2016ರಲ್ಲಿ ಗೂಗಲ್ ಹೊರತಂದ ಬಿಬಿಆರ್ ಎಂಬ ಹೊಸ ವಿಧಾನ ಇಂಥ ನಷ್ಟಕ್ಕೆ ಅಷ್ಟು ಬೆದರುವುದಿಲ್ಲ, ಯೂಟ್ಯೂಬ್ ಅದನ್ನು ಬಳಸುತ್ತದೆ. ಮೇಲಾಗಿ ವೀಡಿಯೊ ಮುಂದಿನ ಭಾಗವನ್ನು ಮೊದಲೇ ತುಂಬಿಟ್ಟುಕೊಂಡಿರುತ್ತದೆ. ಯಕ್ಷಗಾನದ ವೀಡಿಯೊ ಸರಾಗವಾಗಿ ಓಡುತ್ತಿರುವಾಗಲೇ ಪಹಣಿಯ ಪುಟ ಒದ್ದಾಡುವುದಕ್ಕೆ ಇದೂ ಒಂದು ಕಾರಣ.

ಸಂಜೆ ಏಳರ ಮೇಲೆ ಮಾತ್ರ ನಿಧಾನ ಎಂಬ ದೂರು ಬೇರೆ ಜಾತಿಯದು. ಅಕ್ಕಪಕ್ಕದವರೆಲ್ಲ ಒಟ್ಟಿಗೆ ಕೂತು ನೋಡುವುದರಿಂದ ಎಕ್ಸ್‌ಚೇಂಜಿನಿಂದ ಹೊರಡುವ ದಾರಿಯೇ ತುಂಬಿರಬಹುದು. ಆಗ ರೂಟರಿನ ಪಿಂಗ್ ಚೆನ್ನಾಗಿದ್ದು ಹೊರಗಿನದು ಏರುತ್ತದೆ. ಆದರೆ ಮೊದಲು ಮನೆಯನ್ನೇ ಅನುಮಾನಿಸಿ. ಮದುವೆಯಿಂದಲೋ ಯಕ್ಷಗಾನದ ಆಟದಿಂದಲೋ ಮರಳಿದವರ ಫೋನ್ ವೈಫೈ ಸಿಕ್ಕಿದ ಕೂಡಲೇ ಇನ್ನೂರು ಫೋಟೊ, ಹತ್ತು ವೀಡಿಯೊಗಳನ್ನು ಯಾರಿಗೂ ಹೇಳದೆ ಮೋಡಕ್ಕೆ ಏರಿಸತೊಡಗುತ್ತದೆ. ಏರುವ ದಾರಿ ತುಂಬಿದಾಗ ರೂಟರ್ ಪ್ಯಾಕೆಟ್ಟುಗಳನ್ನು ಎಸೆಯುವ ಬದಲು ಸಾಲಿನಲ್ಲಿ ನಿಲ್ಲಿಸುತ್ತದೆ. ಸಾಲಿನಲ್ಲಿ ಒಂದು ಮೆಗಾಬೈಟ್ ನಿಂತಿದೆ, ಏರುವ ವೇಗ 10 ಎಂಬಿಪಿಎಸ್ ಎಂದರೆ ಹಿಂದೆ ಬಂದ ಪ್ರತಿ ಪ್ಯಾಕೆಟ್ಟೂ 800 ಮಿಲಿಸೆಕೆಂಡ್ ಕಾಯಬೇಕು. ನಿಮ್ಮ 'ಪುಟ ಕೊಡಿ' ಎಂಬ ಪುಟ್ಟ ಕೋರಿಕೆಯೂ ಅದೇ ಸಾಲಿನ ಬಾಲದಲ್ಲಿ. ನಾಲ್ಕು ಓಡಾಟಕ್ಕೆ ಮೂರು ಸೆಕೆಂಡಿಗೂ ಮಿಗಿಲು. 2010ರಲ್ಲಿ ಜಿಮ್ ಗೆಟಿಸ್ ಎಂಬ ಎಂಜಿನಿಯರ್ ತಮ್ಮ ಮನೆಯಲ್ಲೇ ಇದನ್ನು ಕಂಡುಹಿಡಿದು ಬಫರ್‌ಬ್ಲೋಟ್ ಎಂದು ಕರೆದರು. ಮೆಮೊರಿ ಚಿಪ್ ಅಗ್ಗವಾಯಿತೆಂದು ತಯಾರಕರು ಸಾಲನ್ನು ಉದ್ದ ಮಾಡುತ್ತ ಹೋದದ್ದೇ ಮುಳುವಾಗಿತ್ತು. 1988ರ ಅದೇ ಜೇಕಬ್ಸನ್, ಕ್ಯಾಥ್ಲೀನ್ ನಿಕೋಲ್ಸ್ ಜೊತೆ ಸೇರಿ 2012ರಲ್ಲಿ ಕೋಡೆಲ್ ಎಂಬ ಪರಿಹಾರ ಕೊಟ್ಟರು: ಸಾಲಿನಲ್ಲಿ ಎಷ್ಟು ಮಂದಿ ಇದ್ದಾರೆಂದು ನೋಡಬೇಡ, ಎಷ್ಟು ಹೊತ್ತಿನಿಂದ ನಿಂತಿದ್ದಾರೆಂದು ನೋಡು, ಹೊತ್ತು ಮೀರಿದರೆ ಒಂದೊಂದನ್ನು ಕೈಬಿಡು. ಪರೀಕ್ಷೆ ಕಷ್ಟವಲ್ಲ. ಪಿಂಗ್ ಓಡುತ್ತಿರುವಾಗ ಫೋನಿನ ಬ್ಯಾಕಪ್ ನಿಲ್ಲಿಸಿ ನೋಡಿ. 700 ಇದ್ದದ್ದು 25ಕ್ಕೆ ಇಳಿದರೆ ಕಳ್ಳ ಸಿಕ್ಕಿಬಿದ್ದ. ಬ್ಯಾಕಪ್ ಮಧ್ಯರಾತ್ರಿ ನಡೆಯಲಿ, ಅಥವಾ ಕೋಡೆಲ್ ಇರುವ ರೂಟರ್ ಕೊಂಡು ಏರುವ ವೇಗಕ್ಕೆ ಒಂದು ಮಿತಿ ಹಾಕಿ.

ಲೈನಿನ ಹುಡುಗನ 'ಆಫ್ ಮಾಡಿ ಆನ್ ಮಾಡಿ' ಪೂರ್ತಿ ಪೊಳ್ಳಲ್ಲ. ಮನೆಯ ಪ್ರತಿ ಸಂಪರ್ಕಕ್ಕೂ ರೂಟರ್ ತನ್ನ ಪಟ್ಟಿಯಲ್ಲಿ ಒಂದು ಸಾಲು ಬರೆದಿಟ್ಟುಕೊಳ್ಳುತ್ತದೆ. ಅಗ್ಗದ ಡಬ್ಬಿಯ ಪಟ್ಟಿ ಚಿಕ್ಕದು. ತುಂಬಿತೆಂದರೆ ಹಳೆಯ ಸಂಪರ್ಕಗಳು ನಡೆಯುತ್ತವೆ, ಹೊಸವು ತೆರೆಯುವುದಿಲ್ಲ. ಆಫ್ ಮಾಡಿದಾಗ ಪಟ್ಟಿ ಅಳಿಸಿಹೋಗುತ್ತದೆ, ವೈಫೈ ಖಾಲಿ ಚಾನೆಲ್ ಹುಡುಕಿಕೊಳ್ಳುತ್ತದೆ. ಆದರೆ ದಿನಾ ಆಫ್-ಆನ್ ಮಾಡಬೇಕಾಗಿ ಬಂದರೆ ಅದು ಮದ್ದಲ್ಲ, ರೋಗದ ಲಕ್ಷಣ. ಡಿಎನ್‌ಎಸ್ ಬದಲಿಸಿ 8.8.8.8 ಅಥವಾ 1.1.1.1 ಹಾಕಿಕೊಳ್ಳುವ ಸಲಹೆಯೂ ಹೀಗೇ. ಕಂಪನಿಯ ಡಿಎನ್‌ಎಸ್ ನಿಜಕ್ಕೂ ತೂಕಡಿಸುತ್ತಿದ್ದರೆ ಪುಟಗಳು ಒಮ್ಮೆಲೇ ಚುರುಕಾಗುತ್ತವೆ, ಇಲ್ಲದಿದ್ದರೆ ಏನೂ ಆಗದು.

ಫೋನನ್ನೂ ವಿಚಾರಿಸಬೇಕು. ಪುಟದ ತೂಕದಲ್ಲಿ ದೊಡ್ಡ ಪಾಲು ಜಾವಾಸ್ಕ್ರಿಪ್ಟ್. ಅದು ಬಂದಿಳಿದರೆ ಸಾಲದು, ಫೋನು ಅದನ್ನು ಓದಿ ನಡೆಸಬೇಕು. ಐದಾರು ವರ್ಷದ ಹಳೆಯ ಅಗ್ಗದ ಫೋನಿಗೆ ಜಾಹೀರಾತು ತುಂಬಿದ ಸುದ್ದಿಪುಟವೊಂದನ್ನು ನಡೆಸುವುದರಲ್ಲೇ ಸುಸ್ತಾಗುತ್ತದೆ. ಅದೇ ವೈಫೈಯಲ್ಲಿ ಮಗಳ ಹೊಸ ಫೋನಿನಲ್ಲಿ ಪುಟ ತಟ್ಟನೆ ಬಂದರೆ ಲೈನನ್ನು ಬಯ್ಯುವಂತಿಲ್ಲ.

ಉಳಿದದ್ದು ಮೂರನೆಯ ತುಂಡು, ಹೊರಜಗತ್ತು. ಗಾಜಿನೊಳಗೆ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಬೆಂಗಳೂರಿಗೆ ಹೋಗಿ ಬರಲು ಬೆಳಕಿಗೆ ಐದು ಮಿಲಿಸೆಕೆಂಡ್ ಸಾಕು, ಅಮೆರಿಕದ ಪೂರ್ವ ಕರಾವಳಿಗೆ ಹೋಗಿ ಬರಲು ಎಷ್ಟೇ ಅವಸರಿಸಿದರೂ 130ರ ಆಸುಪಾಸು ಬೇಕು. ಹಾಲಾಡಿಯಿಂದ ಅರಬ್ಬಿ ಸಮುದ್ರ ಹತ್ತಿರ. ಸಮುದ್ರದಡಿಯ ಕೇಬಲ್ ಹತ್ತಿರವಲ್ಲ, ಅವು ದಡ ಹತ್ತುವುದು ಮುಂಬೈ, ಚೆನ್ನೈ, ಕೊಚ್ಚಿಯಂಥ ಕಡೆ. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಎರಡು ಕೇಬಲ್ ತುಂಡಾದಾಗ ಭಾರತದ ಇಂಟರ್ನೆಟ್ ಕುಂಟಿತು. ಜನಪ್ರಿಯ ತಾಣಗಳು ಈಗ ತಮ್ಮ ಪ್ರತಿಗಳನ್ನು ಬೆಂಗಳೂರು, ಮುಂಬೈ, ಚೆನ್ನೈಗಳಲ್ಲೇ ಇಟ್ಟಿರುವುದರಿಂದ ಅಂಥ ಪೆಟ್ಟು ಅಷ್ಟಾಗಿ ತಟ್ಟುವುದಿಲ್ಲ. ಹಾಗೆ ಪ್ರತಿ ಇಡದ ಪುಟ್ಟ ತಾಣಗಳಿಗೆ ಪ್ರತಿ ಓಡಾಟವೂ ಸಮುದ್ರ ದಾಟಿಯೇ ಆಗಬೇಕು.

ಕೊನೆಗೆ ಸರ್ವರ್. ಎಸ್‌ಎಸ್‌ಎಲ್‌ಸಿ ಫಲಿತಾಂಶದ ಬೆಳಗ್ಗೆ ರಾಜ್ಯದ ಎಂಟು ಲಕ್ಷದಷ್ಟು ಮಕ್ಕಳು, ಅವರ ಅಪ್ಪ ಅಮ್ಮ, ಮಾವ, ಚಿಕ್ಕಮ್ಮ ಎಲ್ಲರೂ ಒಂದೇ ಪುಟ ಒತ್ತುತ್ತಾರೆ. ಲ್ಯಾಪ್‌ಟಾಪಿನ ಕ್ರೋಮ್ ಬ್ರೌಸರಿನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ಎಂಬ ಪಟ್ಟಿ ತೆರೆದು ಪುಟವನ್ನು ಮತ್ತೆ ಕರೆದರೆ ಪ್ರತಿ ಕೋರಿಕೆಗೂ ಒಂದು ಬಣ್ಣದ ಗೀಟು ಕಾಣುತ್ತದೆ. ಡಿಎನ್‌ಎಸ್ಸಿಗೆ ಎಷ್ಟು, ಸಂಪರ್ಕಕ್ಕೆ ಎಷ್ಟು, ಸರ್ವರಿನ ಉತ್ತರಕ್ಕೆ ಕಾದದ್ದು ಎಷ್ಟು ಎಂದು ಬೇರೆ ಬೇರೆಯಾಗಿ. ಮೊದಲೆರಡು ಚುಟುಕಾಗಿದ್ದು, ಕಾದ ಹೊತ್ತನ್ನು ತೋರಿಸುವ ಹಸಿರು ಗೀಟು ಹತ್ತು ಸೆಕೆಂಡು ಉದ್ದಕ್ಕೆ ಚಾಚಿದರೆ, ರೂಟರನ್ನೂ ಅಡಿಕೆ ಮರವನ್ನೂ ಲೈನಿನ ಹುಡುಗನನ್ನೂ ಬಿಟ್ಟುಬಿಡಿ. ಕಾಯುತ್ತಿರುವುದು ಆ ತುದಿಯಲ್ಲಿ. ರಿಫ್ರೆಶ್ ಒತ್ತಿದರೆ ನಿಮ್ಮ ಹಳೆಯ ಕೋರಿಕೆಯನ್ನು ಸರ್ವರ್ ಅಲ್ಲಿ ಅರ್ಧಕ್ಕೆ ಬಿಟ್ಟಿದ್ದರೂ ಬಿಡದಿದ್ದರೂ ಹೊಸದೊಂದು ಸಾಲಿನ ಬಾಲಕ್ಕೆ ಸೇರುತ್ತದೆ. ಮಧ್ಯಾಹ್ನದ ಊಟ ಮುಗಿಸಿ ಬಂದು ನೋಡಿದರೆ ಅದೇ ಪುಟ, ಅದೇ ಲೈನಿನಲ್ಲಿ, ಎರಡು ಸೆಕೆಂಡಿಗೆ ತೆರೆಯುತ್ತದೆ.